ಹಡಗಮ್ಮನ ನಡಿಗೆ

ಬಟ್ಟೆ ಅಂಗಡಿಗಳ ಗಾಜಿನ ಹಿಂದೆ ನಿಲ್ಲುವ ಗೊಂಬೆಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ಅವಳು ಕೆಲಸಕ್ಕಿದ್ದಳು. ಅಚ್ಚು ತೆಗೆಯುವುದು, ಕೈಕಾಲು ಜೋಡಿಸುವುದು, ಬಣ್ಣ ಹೊಡೆಯುವುದು ಎಲ್ಲವೂ ಬರುತ್ತಿತ್ತು. ಆದರೆ ಹೆಸರಾಗಿದ್ದದ್ದು ನಿಲುವಿನ ವಿಷಯದಲ್ಲಿ. ಗೊಂಬೆಯ ಭಾರವನ್ನು ಒಂದು ಕಾಲಿನ ಮೇಲೆ ಹಾಕಿ, ಸೊಂಟವನ್ನು ಚೂರು ಓರೆ ಮಾಡಿ ನಿಲ್ಲಿಸಿದರೆ ಅದು ಯಾರಿಗೋ ಕಾಯುತ್ತಿರುವವಳಂತೆ ಕಾಣಬೇಕು, ಈಗಲೋ ಆಗಲೋ ಬೀಳುವವಳಂತೆ ಕಾಣಬಾರದು. ಎಷ್ಟು ಓರೆಯಾದರೆ ಚೆಂದ, ಎಲ್ಲಿ ಅದು ಕೆಡುತ್ತದೆ ಎನ್ನುವುದು ಅವಳ ಕೈಗೆ ಗೊತ್ತಿತ್ತು. ಕಾರ್ಖಾನೆಯಲ್ಲಿ ಎಲ್ಲರೂ ಗೊಂಬೆಯಕ್ಕ ಎನ್ನುತ್ತಿದ್ದರು. ಬರಬರುತ್ತ ಬೀದಿಯವರೂ ಹಾಗೇ ಅನ್ನತೊಡಗಿದರು.

ಅಂಥವಳಿಗೆ ನಿಲ್ಲುವುದೇ ಕಷ್ಟವಾಯಿತು. ಐವತ್ತರ ಹೊಸ್ತಿಲಲ್ಲಿ ಒಂದು ಕೆಟ್ಟ ಜ್ವರ ಬಂದು ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿಸಿತು. ಜೀವ ಉಳಿಯಿತು. ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೊರಟವಳು ಬಾಗಿಲಿಗೆ ಹೋಗುವ ಬದಲು ಬೀರುವಿಗೆ ಹೋಗಿ ಡಿಕ್ಕಿ ಹೊಡೆದಳು. ನೆಲ ಇದ್ದಲ್ಲಿ ಇರಲಿಲ್ಲ. ಪರೀಕ್ಷೆ ಮಾಡಿದ ಡಾಕ್ಟರು ಮುಚ್ಚುಮರೆ ಮಾಡದೆ ಹೇಳಿದರು: "ನೋಡಿ ಅಮ್ಮ, ಕಿವಿ ಕೇಳಿಸುತ್ತೆ, ಅದಕ್ಕೇನೂ ಆಗಿಲ್ಲ. ಆದ್ರೆ ಒಳಗಡೆ ಸಮತೂಕ ನೋಡೋ ಭಾಗ ಇದೆಯಲ್ಲ, ಅದು ಎರಡೂ ಕಡೆ ಹೋಗಿದೆ. ನೆಟ್ಟಗಿದೀರೋ ವಾಲಿದೀರೋ ಅಂತ ಇನ್ಮೇಲೆ ಕಿವಿ ಹೇಳಲ್ಲ. ಕಣ್ಣು, ಪಾದ ಇವೇ ಹೇಳ್ಬೇಕು. ಅವಕ್ಕೆ ಕಲಿಸ್ಬೇಕು."

ಕಣ್ಣಿಗೂ ಪಾದಕ್ಕೂ ಕಲಿಸುವುದು ಎಂದರೆ ಏನು ಎಂದು ಆಮೇಲೆ ಗೊತ್ತಾಯಿತು. ಎರಡು ಕಾಲನ್ನೂ ಅಗಲಿಸಿ ಇಡಬೇಕು. ಗೋಡೆ ಕೈಗೆಟುಕುವಂತಿರಬೇಕು. ಕರೆಂಟು ಹೋದರೆ ಇದ್ದಲ್ಲೇ ಕೂತುಬಿಡಬೇಕು. ಬೀದಿಯಲ್ಲಿ ಅವಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತೇಲಿದಂತೆ ಹೋಗುತ್ತಿದ್ದರೆ ಗುರುತಿಲ್ಲದವರು ಮೂಗು ಮುಚ್ಚಿಕೊಂಡು ದಾರಿ ಬಿಡುತ್ತಿದ್ದರು. ಬೆಳಗಿನ ಹೊತ್ತಿಗೇ ಹಾಕಿಕೊಂಡು ಬಂದಿದ್ದಾಳೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವುದು ಅವಳಿಗೆ ಕೇಳಿಸುತ್ತಿತ್ತು. ಕಿವಿಗೆ ಆ ಕೆಲಸ ಮಾತ್ರ ಚೆನ್ನಾಗಿ ಬರುತ್ತಿತ್ತಲ್ಲ.

ಗಂಡ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನು. ಈಗಲೂ ಅವನನ್ನು ಎಲ್ಲರೂ ಕಂಡಕ್ಟರು ಎಂದೇ ಕರೆಯುವುದು, ಹೆಂಡತಿಯೂ ಸೇರಿ. ಇವರು ಮೊದಲನೆಯ ಮಹಡಿಯಲ್ಲಿ, ಒಬ್ಬಳೇ ಮಗಳು ಗಂಡನ ಜೊತೆ ಮೇಲಿನ ಮಹಡಿಯಲ್ಲಿ. ಮಗಳು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ತಾಯಿ ಆಸ್ಪತ್ರೆಯಿಂದ ಬಂದ ಸ್ವಲ್ಪ ದಿನಕ್ಕೇ ಅವಳಿಗೆ ಹೆಣ್ಣು ಮಗುವಾಗಿತ್ತು. ಕೆನ್ನೆ, ತೊಡೆ, ಮಣಿಕಟ್ಟು ಎಲ್ಲ ಉಬ್ಬಿಕೊಂಡಿದ್ದ ಆ ಮಗುವಿಗೆ ಕಂಡಕ್ಟರು ನೋಡಿದ ಗಳಿಗೆಯಲ್ಲೇ ಗುಂಡಮ್ಮ ಎಂದು ಹೆಸರಿಟ್ಟುಬಿಟ್ಟಿದ್ದ.

ಗುಂಡಮ್ಮನನ್ನು ಅಜ್ಜಿಯ ಕೈಗೆ ಕೊಡುವುದಕ್ಕೆ ಮನೆಯಲ್ಲಿ ಒಂದು ಕ್ರಮವಿತ್ತು. ಮಗಳು ಮಗುವನ್ನು ಎತ್ತಿಕೊಂಡು ಬಂದು ನಿಂತು, "ಅಮ್ಮ, ಕೂತ್ಕೋ" ಎನ್ನುತ್ತಿದ್ದಳು. ಕೂತ ಮೇಲೆ ಮಡಿಲಿಗೆ ಹಾಕುತ್ತಿದ್ದಳು. ಏಳುವ ಮೊದಲು ತೆಗೆದುಕೊಳ್ಳುತ್ತಿದ್ದಳು. ಯಾಕೆ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಗೊಂಬೆಯಕ್ಕನೂ ಕೇಳಿರಲಿಲ್ಲ. ಕಂಡಕ್ಟರು ಮಗುವನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯ ಹತ್ತಿರ ಹೋಗಿ ಕಾಗೆ ತೋರಿಸುವಾಗ ಅವಳು ಬೇರೆ ಕಡೆ ನೋಡುತ್ತಿದ್ದಳು.

ಡಾಕ್ಟರು ಕಳಿಸಿದ ವ್ಯಾಯಾಮದ ಕೇಂದ್ರದಲ್ಲಿ ಒಬ್ಬ ಟೀಚರಿದ್ದಳು. ತೆಳ್ಳಗೆ ಉದ್ದಕ್ಕಿದ್ದ ಆಕೆ ಮೊದಲು ನೃತ್ಯ ಮಾಡುತ್ತಿದ್ದವಳಂತೆ. ಮೈ ಹೇಳಿದ ಮಾತು ಕೇಳದವರಿಗೆ ಚಲನೆ ಕಲಿಸುವುದು ಆಕೆಯ ಈಗಿನ ಕೆಲಸ. ಲಕ್ವ ಹೊಡೆದ ದರ್ಜಿ, ನಡುಗುವ ಕೈಗಳ ಗಣಿತದ ಮೇಷ್ಟ್ರು, ಮಂಡಿ ಮಡಿಸಲಾಗದ ಅಂಚೆಯವಳು ಹೀಗೆ ಬೆರಳೆಣಿಕೆಯ ಜನ. ವರ್ಷದ ಕೊನೆಗೆ ಇವರಿಂದ ಒಂದು ಪ್ರದರ್ಶನ ಮಾಡಿಸಬೇಕೆಂದು ಟೀಚರಿಗೆ ಆಸೆ. ನಾಟಕವಲ್ಲ, ಕುಣಿತವೂ ಅಲ್ಲ.

"ಒಬ್ಬೊಬ್ಬರೂ ಒಂದು ಪಾತ್ರ ಕಟ್ಕೋಬೇಕು," ಎಂದಳು ಆಕೆ. "ನಿಮ್ಮ ನಡಿಗೆನ ಸರಿ ಮಾಡ್ಕೊಂಡು ಬೇರೆಯವರ ಥರ ಆಗೋದಲ್ಲ. ಈಗಿರೋ ನಿಮ್ಮ ನಡಿಗೆ ಯಾರ ಮೈಮೇಲೆ ಸರಿಯಾಗಿ ಕೂತ್ಕೊಳ್ಳುತ್ತೆ? ಅಂಥವರು ಎಲ್ಲೋ ಇರ್ತಾರೆ. ಹುಡುಕ್ಕೊಂಡು ಬನ್ನಿ."

ದರ್ಜಿ ತಾನು ಮಂಜುಗಡ್ಡೆಯ ಮೇಲೆ ನಡೆಯುವವನಾಗುತ್ತೇನೆ ಎಂದ. ಗೊಂಬೆಯಕ್ಕನ ಸರದಿ ಬಂದಾಗ, "ನಾನು ಕುಡುಕಿ ಆಗ್ಬಹುದು, ಅಭ್ಯಾಸ ಮಾಡೋದೇ ಬೇಡ," ಎಂದಳು. ಎಲ್ಲರೂ ನಕ್ಕರು. ಟೀಚರ್ ನಗಲಿಲ್ಲ.

"ಅದು ಜನ ನಿಮಗೆ ಕೊಟ್ಟಿದ್ದು. ನೀವು ಹುಡುಕಿದ್ದನ್ನ ತನ್ನಿ."

ಗೊಂಬೆಯಕ್ಕನಿಗೆ ತಲೆಬುಡ ಅರ್ಥವಾಗದಿದ್ದರೂ ಮಾತು ಮನಸ್ಸಿನಲ್ಲಿ ಉಳಿಯಿತು.

ಕಾರ್ಖಾನೆಯ ಮಾಲೀಕ ಒಳ್ಳೆಯವನು. ಕೂತು ಮಾಡುವ ಕೆಲಸಗಳನ್ನೆಲ್ಲ ಅವಳಿಗೇ ಇಡುತ್ತಿದ್ದ. ಬಂದರಿನ ಹತ್ತಿರ ಹಡಗುಗಳ ಮ್ಯೂಸಿಯಂ ಒಂದಿತ್ತು. ಅಲ್ಲಿನ ಕ್ಯಾಪ್ಟನ್ನು, ನಾವಿಕರ ಗೊಂಬೆಗಳಿಗೆ ವಯಸ್ಸಾಗಿ ಮೂಗು ಕಿವಿ ಉದುರಿದ್ದವು. ರಿಪೇರಿಗೆ ಅವಳನ್ನು ಕಳಿಸಿದ. ಸ್ಟೂಲಿನ ಮೇಲೆ ಕೂತು ಕ್ಯಾಪ್ಟನ್ನನಿಗೆ ಹೊಸ ಮೂಗು ಕೂರಿಸುತ್ತಿದ್ದಾಗ ಎದುರು ಗೋಡೆಯಲ್ಲಿ ಒಂದು ಹಳೆಯ ಫೋಟೋ ಕಣ್ಣಿಗೆ ಬಿತ್ತು. ಹಡಗಿನ ಮೇಲಟ್ಟ. ಟೋಪಿ ಹಾಕಿಕೊಂಡ ದೊಡ್ಡ ಮನುಷ್ಯರು ಕುರ್ಚಿಗಳಲ್ಲಿ ಕೂತಿದ್ದಾರೆ. ಅಂಚಿನಲ್ಲಿ ಒಬ್ಬ ಹೆಂಗಸು ಹೆಗಲ ಮೇಲೆ ಮಗುವನ್ನು ಮಲಗಿಸಿಕೊಂಡು ನಿಂತಿದ್ದಾಳೆ. ಫೋಟೋ ಹೊಡೆಯುವಾಗ ಅವಳು ಅಲುಗಿದ್ದರಿಂದ ಮುಖ ಕಲಸಿಹೋಗಿದೆ. ಪಾದಗಳು ಮಾತ್ರ ಸ್ಪಷ್ಟವಾಗಿವೆ. ಕಾಲು ಅಗಲಿಸಿದೆ, ಬೆರಳು ಹೊರಕ್ಕೆ ತಿರುಗಿವೆ, ಒಂದು ಮಂಡಿ ಚೂರು ಬಗ್ಗಿದೆ.

ಗೊಂಬೆಯಕ್ಕ ಮೂಗನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು, ಗೋಡೆ ಹಿಡಿದು ಹತ್ತಿರ ಹೋದಳು. ತನ್ನ ಪಾದ ನೋಡಿಕೊಂಡಳು. ಫೋಟೋ ನೋಡಿದಳು.

ಅಲ್ಲಿ ಕೆಲಸ ಮಾಡುವ, ಹಡಗುಗಳ ಚರಿತ್ರೆ ಓದಿಕೊಂಡಿದ್ದ ಮೇಡಂ ಬಂದು ಪಕ್ಕದಲ್ಲಿ ನಿಂತರು.

"ಇವಳು ಯಾರು ಮೇಡಂ?"

"ಹೆಸರು ಗೊತ್ತಿಲ್ಲ. ಆಯಾ. ಅಂಥವರು ಎಷ್ಟೋ ಜನ ಇದ್ರು. ಇಲ್ಲಿದ್ದ ಪರದೇಶದ ದೊಡ್ಡ ಮನೆಯವರು ಸಮುದ್ರ ದಾಟಿ ತಮ್ಮ ಊರಿಗೆ ಹೋಗುವಾಗ ಮಕ್ಕಳನ್ನ ನೋಡ್ಕೊಳ್ಳೋಕೆ ಕರ್ಕೊಂಡು ಹೋಗೋರು. ಆ ಕಡೆ ದಡ ಮುಟ್ಟಿದ ಮೇಲೆ ಕೆಲಸ ಮುಗೀತು. ಕೆಲವರು ವಾಪಸ್ಸು ಕಳಿಸೋರು, ಕೆಲವರು ಬಂದರಿನಲ್ಲೇ ಬಿಟ್ಟುಬಿಡೋರು. ಈ ಕಡೆ ಬರೋ ಇನ್ನೊಂದು ಸಂಸಾರ, ಇನ್ನೊಂದು ಮಗು ಸಿಗೋ ತನಕ ಇವರು ಅಲ್ಲೇ ಕಾಯ್ಬೇಕು."

"ಎಷ್ಟು ಸಲ ದಾಟಿರ್ತಾರೆ?"

"ಕೆಲವರು ಜೀವಮಾನ ಪೂರ್ತಿ ಹೋಗ್ತಾ ಬರ್ತಾ ಇದ್ರು. ಕಡಲು ಹಿಡಿಯೋದು ಅಂತಾರಲ್ಲ, ವಾಂತಿ, ತಲೆಸುತ್ತು, ಅದು ಆಗದವರಿಗೆ ಬೇಡಿಕೆ ಜಾಸ್ತಿ. 'ಅನುಭವಸ್ಥೆ, ಕಡಲು ಹಿಡಿಯುವುದಿಲ್ಲ' ಅಂತ ಪೇಪರಲ್ಲಿ ಹಾಕಿಸ್ಕೊಳ್ಳೋರು."

ಮನೆಗೆ ಬಂದವಳು ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಕಿವಿಗೊಟ್ಟು ಕೇಳಿ, "ಹಂಗಾದ್ರೆ ನೀನು ಹಡಗಮ್ಮ," ಎಂದ. ತಮಾಷೆಗೆ ಅಂದದ್ದು. ಪಾತ್ರದ ಹೆಸರು ಅದೇ ಆಯಿತು.

ಮೊದಲು ಮಗು ಬೇಕಿತ್ತು. ಕಾರ್ಖಾನೆಯಲ್ಲಿ ಮಕ್ಕಳ ಬಟ್ಟೆಗೆಂದು ಮಾಡುವ ಗೊಂಬೆಯ ಅಚ್ಚಿನಲ್ಲೇ ಒಂದು ತೆಗೆದು, ಕೆನ್ನೆಗೆ ಕೆಂಪು ಹಚ್ಚಿ ತಂದಳು. ಟೀಚರ್ ಅದನ್ನು ಒಂದು ಕೈಯಲ್ಲಿ ಎತ್ತಿ ನೋಡಿ ಕೆಳಗಿಟ್ಟಳು. "ಇದಕ್ಕೆ ಯಾರೂ ಬೇಕಾಗಿಲ್ಲ. ತಾನೇ ನಗ್ತಾ ಇದೆ."

ಆ ಮಾತು ಚುಚ್ಚಿದರೂ ನಿಜವಾಗಿತ್ತು. ಗೊಂಬೆಯಕ್ಕ ಮುಖ ಊದಿಸಿಕೊಂಡು ಎರಡು ದಿನ ಕೂತಳು. ಆಮೇಲೆ ಕಂಡಕ್ಟರನನ್ನು ಕರೆದು, ತನ್ನ ಎಡ ಹೆಗಲಿಗೆ ಪ್ಲಾಸ್ಟರು ಮೆತ್ತಿಸಿಕೊಂಡಳು. ಕತ್ತಿನ ಬುಡದಿಂದ ಎದೆಯ ಮೇಲ್ಭಾಗದವರೆಗೆ ಅಚ್ಚು ತೆಗೆದಳು. ಹೆಗಲ ಮೇಲೆ ಮಲಗಿದ ಮಗುವಿನ ಮುಖ ಹೇಗಿರುತ್ತದೆ? ಒಂದು ಕೆನ್ನೆ ಚಪ್ಪಟೆ, ಮೂಗು ಪಕ್ಕಕ್ಕೆ, ತುಟಿ ಅರ್ಧ ತೆರೆದು ಒಂದು ಕಡೆಗೆ ಜಾರಿರುತ್ತದೆ. ನೆನೆಸಿ ಅರೆದ ಕಾಗದದ ಮುದ್ದೆಯಿಂದ ಆ ಮುಖವನ್ನೇ ಮಾಡಿದಳು. ಮುಂದೆ ಹಿಡಿದು ನೋಡಿದರೆ ವಿಕಾರ. ಹೆಗಲಿಗೆ ಒತ್ತಿಕೊಂಡರೆ ಅಚ್ಚಿಗೆ ಅಚ್ಚು ಕೂತು, ಗಾಢವಾಗಿ ನಿದ್ದೆ ಮಾಡುವ ಕೂಸು. ಮೈಯನ್ನು ಹಾಯಿಬಟ್ಟೆಯಲ್ಲಿ ಹೊಲಿದು ಮರಳು, ಮರದ ಪುಡಿ ತುಂಬಿದಳು. ತಲೆಯನ್ನು ಹಗ್ಗದ ಕತ್ತಿಗೆ ಕಟ್ಟಿದಳು, ಹಿಡಿಯದಿದ್ದರೆ ಹಿಂದಕ್ಕೆ ಜೋಲುವಂತೆ. ತೂಕ ಎಷ್ಟಿರಬೇಕೆಂದು ಯಾರನ್ನೂ ಕೇಳಲಿಲ್ಲ. ಮಡಿಲಿಗೆ ಗೊತ್ತಿತ್ತು. ಒಂದಾದ ಮೇಲೊಂದು ಮಾಡುತ್ತ ಹೋದಳು. ಮನೆಯ ಬೆಂಚಿನ ಮೇಲೆ ಅವು ಸಾಲಾಗಿ ಬೋರಲು ಮಲಗಿರುತ್ತಿದ್ದವು. ಹಾಲು ಕೊಡಲು ಬಂದವನು ಒಂದು ದಿನ ಬೆಚ್ಚಿ ಬಿದ್ದು ಪಾತ್ರೆ ಚೆಲ್ಲಿದ.

ನಡಿಗೆ ಕಲಿಯುವ ಸಂಗತಿ ಬಂದಾಗ ಕಂಡಕ್ಟರು ಮಧ್ಯೆ ಬಾಯಿ ಹಾಕಿದ. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು ಟಿಕೆಟ್ ಹರಿದು ಕಳೆದ ಆಯುಷ್ಯ ಅವನದು.

"ನೀನು ಮಂಡಿ ಸೆಟೆಸ್ತೀಯ. ಅದೇ ತಪ್ಪು. ಮಂಡಿ ಸಡಿಲ ಬಿಡು. ಡ್ರೈವರು ಬ್ರೇಕ್ ಹಾಕ್ತಾನೆ ಅಂತ ಗೊತ್ತಾದಾಗ ಮೈ ಮುಂದಕ್ಕೆ ಹೋಗೋ ಮುಂಚೆ ಸೊಂಟ ಹಿಂದಕ್ಕೆ ಹೋಗ್ಬೇಕು."

"ನಿಮಗೆ ಹೇಗೆ ಗೊತ್ತಾಗುತ್ತೆ, ಅವನು ಬ್ರೇಕ್ ಹಾಕ್ತಾನೆ ಅಂತ?"

"ಅವನ ಕುತ್ತಿಗೆ ನೋಡ್ತಾ ಇರ್ತೀನಿ."

ಗೊಂಬೆಯಕ್ಕನಿಗೆ ನಗು ತಡೆಯಲಾಗಲಿಲ್ಲ. ಆದರೆ ಕುರ್ಚಿ ಮಂಚಗಳನ್ನು ಗೋಡೆಗೆ ಸರಿಸಿ, ಗಂಡ ಡ್ರೈವರನಾಗಿ, ಹೆಂಡತಿ ಅವನ ಕುತ್ತಿಗೆ ನೋಡುತ್ತ ಹಿಂದೆ ನಿಂತು, ಅವನು ಬಾಯಲ್ಲೇ ಗೇರು ಬದಲಿಸುತ್ತ, ಇಬ್ಬರೂ ಹಜಾರದ ತುಂಬ ಓಡಾಡಿದರು. ಟೀಚರ್ ಒಂದು ದಿನ ಬಂದು ನೋಡಿ, ಚಪ್ಪಲಿ ಬಿಟ್ಟು ತಾನೂ ಅವರ ಹಿಂದೆ ನಿಂತುಕೊಂಡಳು.

ಮಗಳಿಗೆ ಇದಾವುದೂ ಹಿಡಿಸಲಿಲ್ಲ. ಒಂದು ಸಂಜೆ ಗುಂಡಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೆಳಗೆ ಬಂದವಳು ಬೆಂಚಿನ ಮೇಲಿದ್ದ ಮರಳಿನ ಮಕ್ಕಳನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ಅಮ್ಮ, ನೀನು ಇದನ್ನ ಜನರ ಮುಂದೆ ಮಾಡ್ತೀಯಾ?"

"ಮಾಡ್ಬೇಕು ಅಂತಿದೆ."

"ಈಗಷ್ಟೇ ಬೀದಿಯವರು ನಿನ್ನ ನೋಡೋದು ಬಿಟ್ಟಿದಾರೆ. ಅಂಗಡಿಯವರಿಗೆಲ್ಲ ನಾನು ಒಬ್ಬೊಬ್ಬರಿಗೂ ಹೇಳಿ ಇಟ್ಟಿದೀನಿ, ನಮ್ಮಮ್ಮ ಕುಡಿಯಲ್ಲ, ಕಾಯಿಲೆ ಅಂತ. ಈಗ ನೀನೇ ಜನರನ್ನ ಕರೆದು, ಬನ್ನಿ, ನೋಡಿ ಅಂತ ಕೂರಿಸ್ತೀಯಾ?"

ಮಗಳು ಅಂಗಡಿಗಳಿಗೆ ಹೋಗಿ ಹಾಗೆ ಹೇಳಿಬಂದಿದ್ದಾಳೆಂದು ಗೊಂಬೆಯಕ್ಕನಿಗೆ ಗೊತ್ತಿರಲಿಲ್ಲ. ಮಾತಿನ ಬದಲು ತೋರಿಸೋಣ ಎಂದುಕೊಂಡು ಬೆಂಚಿನಿಂದ ಒಂದು ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಬಾಗಿಲಿನ ಹತ್ತಿರದವರೆಗೆ ಚೆನ್ನಾಗಿಯೇ ಹೋದಳು. ತಿರುಗುವಾಗ ಮಗಳ ಮುಖ ನೋಡಿದಳು, ನೆಲ ತಪ್ಪಿಹೋಯಿತು. ಧೊಪ್ಪೆಂದು ಬಿದ್ದಳು.

ಮಗಳು ಚೀರಲಿಲ್ಲ. ಗುಂಡಮ್ಮನನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಅಂಟಿ ನಿಂತುಬಿಟ್ಟಳು. ಕಂಡಕ್ಟರು ಒಳಗಿನಿಂದ ಓಡಿ ಬಂದ. ಗೊಂಬೆಯಕ್ಕ ಬೆನ್ನ ಮೇಲೆ ಬಿದ್ದಿದ್ದಳು. ಮರಳಿನ ಮಗು ಅವಳ ಎದೆಯ ಮೇಲಿತ್ತು. ಒಂದು ಕೈ ಅದರ ತಲೆಯ ಹಿಂದೆ ಇತ್ತು.

"ಮಗುಗೆ ಏನೂ ಆಗಿಲ್ಲ," ಎಂದಳು ಗೊಂಬೆಯಕ್ಕ, ಬಿದ್ದಲ್ಲಿಂದಲೇ.

"ನಿನಗೆ?" ಎಂದಳು ಮಗಳು. "ನಿನಗೆ ಏನಾದ್ರೂ ಆದ್ರೆ? ನಾನು ಮಗುಗೋಸ್ಕರ ಮಾತ್ರ ಹೆದರ್ತೀನಿ ಅಂದ್ಕೊಂಡಿದೀಯಾ?" ಉತ್ತರಕ್ಕೆ ಕಾಯದೆ ಮೇಲಕ್ಕೆ ಹೋದಳು.

ಮೊಣಕೈ ತರಚಿತ್ತು. ಕಂಡಕ್ಟರು ಔಷಧಿ ಹಚ್ಚುತ್ತ, ಸಾಕು ಬಿಡು ಅನ್ನಲೂ ಇಲ್ಲ, ಮುಂದುವರಿಸು ಅನ್ನಲೂ ಇಲ್ಲ. ಮರುದಿನ ಟೀಚರ್ ಮೊಣಕೈ ನೋಡಿ ಹೇಗೆ ಬಿದ್ದಿರಿ ಎಂದು ಕೇಳಿದಳು. ಗೊಂಬೆಯಕ್ಕ ಬಿದ್ದದ್ದನ್ನು ಹೇಳಿದಳು. ಚಾಪೆ ಹಾಸಿ, ಹಾಗೇ ನಿಧಾನವಾಗಿ ಬಿದ್ದು ತೋರಿಸಿ ಎಂದಳು ಟೀಚರ್. ಮೊದಲು ಕುಂಡಿ, ಆಮೇಲೆ ಸೊಂಟ, ಬೆನ್ನು, ಗದ್ದ ಎದೆಗೆ, ಕೈ ಮಗುವಿನ ತಲೆಗೆ. ಅಂದಿನಿಂದ ಅವರು ಬೀಳುವುದನ್ನೇ ಅಭ್ಯಾಸ ಮಾಡಿದರು. ಹಡಗಿನ ಮೇಲೆ ಆ ಹೆಂಗಸರೂ ಬೀಳದೆ ಇದ್ದಿರಲಾರರು, ಬೀಳುವುದು ಗೊತ್ತಿದ್ದವಳೇ ಅನುಭವಸ್ಥೆ ಅನ್ನಿಸಿಕೊಂಡಿರಬೇಕು ಎಂದು ಗೊಂಬೆಯಕ್ಕನಿಗೆ ಅನ್ನಿಸಿತು.

ಹಡಗಮ್ಮನ ಕಥೆಯನ್ನು ಅವಳು ಹೀಗೆ ಕಟ್ಟಿಕೊಂಡಿದ್ದಳು: ಹಾಯಿಬಟ್ಟೆಯ ಉದ್ದ ಲಂಗ ತೊಟ್ಟ ಹೆಂಗಸು ಮೈತುಂಬ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾಳೆ. ತೂಗುತ್ತ, ಬೀಳುತ್ತ, ಏಳುತ್ತ ನಡೆಯುತ್ತಾಳೆ. ನೋಡುವವರ ಕೈಗೆ ಒಂದೊಂದೇ ಮಗುವನ್ನು ಕೊಡುತ್ತಾಳೆ. "ಸ್ವಲ್ಪ ಹಿಡ್ಕೊಳ್ಳಿ, ಬಂದೆ" ಎನ್ನುವ ಒಂದೇ ಮಾತು. ಎಲ್ಲ ಕೊಟ್ಟಾದ ಮೇಲೆ ಬರಿಗೈಯಲ್ಲಿ ಬಾಗಿಲ ಹತ್ತಿರ ಕುಸಿದು ಕೂರುತ್ತಾಳೆ, ಯಾರೂ ಬೇಡದವಳಾಗಿ. ಅಭ್ಯಾಸದಲ್ಲಿ ಆ ಕೊನೆಯನ್ನು ಮಾಡುವಾಗ ಅವಳಿಗೆ ಪ್ರತಿ ಸಲವೂ ಅಳು ಬರುತ್ತಿತ್ತು. ಟೀಚರ್ ಮಾತ್ರ, "ಏನೋ ಒಂದು ಇನ್ನೂ ಬಂದಿಲ್ಲ," ಎನ್ನುತ್ತಿದ್ದಳು. ಏನು ಎಂದು ಆಕೆಗೂ ತಿಳಿದಿರಲಿಲ್ಲ.

ಪ್ರದರ್ಶನಕ್ಕೆ ಮ್ಯೂಸಿಯಂ ಮೇಡಂ ಒಂದು ಜಾಗ ಕೊಟ್ಟರು. ಬಂದರಿನ ಎದುರು ಒಂದು ದ್ವೀಪ, ಅಲ್ಲಿ ಹಿಂದಿನ ಕಾಲದ ಗೋದಾಮು. ದೋಣಿಯಲ್ಲಿ ಹೋಗಬೇಕು. ದೋಣಿ ಎಂದರೂ ಕೆಳಗೆ ವಾಹನ, ಮೇಲೆ ಜನ ಹಿಡಿಸುವ ದೊಡ್ಡ ಯಂತ್ರದ ದೋಣಿ. ಗೊಂಬೆಯಕ್ಕ ಜೀವಮಾನದಲ್ಲಿ ಅಂಥದ್ದನ್ನು ಹತ್ತಿದವಳಲ್ಲ. ಹೊರಡುವ ದಿನ ಬೆಳಿಗ್ಗೆ ಮಗಳು ಗುಂಡಮ್ಮನನ್ನು ಎತ್ತಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು ಕೆಳಗಿಳಿದು ಬಂದಳು.

"ನೀನೂ ಬರ್ತೀಯಾ?" ಎಂದಳು ತಾಯಿ.

"ಬಿದ್ರೆ ಎತ್ತೋಕೆ ಯಾರಾದ್ರೂ ಬೇಕಲ್ಲ. ಅಪ್ಪನ ಬೆನ್ನು ನೋವು ನಿನಗೆ ಗೊತ್ತಿದೆ."

ಅಂದು ಗಾಳಿ ಜೋರಾಗಿತ್ತು. ದೋಣಿ ಬಂದರಿನ ಗೋಡೆ ದಾಟಿದ್ದೇ ತಡ, ಮೂಗು ಮೇಲೆತ್ತಿ ಧಡ್ಡನೆ ಕೆಳಗೆ ಹಾಕಿತು. ಕಂಡಕ್ಟರು ನಡುವೆ ಕೈ ಬಿಟ್ಟು ನಿಂತು, "ಇದೇನು ಮಹಾ, ಗುಂಡಿ ಬಿದ್ದ ರಸ್ತೆ ಅಷ್ಟೇ," ಎಂದ. ಸ್ವಲ್ಪ ಹೊತ್ತಿಗೆ ಅವನ ಮಾತು ನಿಂತಿತು. ಮುಖ ಬಿಳಿಚಿಕೊಂಡಿತು. ಮೆಲ್ಲಗೆ ಕಂಬಿಯ ಹತ್ತಿರ ಹೋಗಿ, ಅತ್ತ ಬಗ್ಗಿದವನು ಮತ್ತೆ ಇತ್ತ ತಿರುಗಲಿಲ್ಲ. ದರ್ಜಿ ಬೆಂಚಿನ ಮೇಲೆ ಉದ್ದಕ್ಕೆ ಮಲಗಿದ. ಟೀಚರ್ ನೆಲದ ಮೇಲೆ ಕೂತು ತಲೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡಳು.

ಗೊಂಬೆಯಕ್ಕ ಕ್ಯಾಬಿನ್ನಿನ ಗೋಡೆಗೆ ಬೆನ್ನು ಕೊಟ್ಟು, ಮಂಡಿ ಸಡಿಲ ಬಿಟ್ಟು, ದೂರದ ನೀರಿನ ಅಂಚನ್ನು ನೋಡುತ್ತ ನಿಂತಿದ್ದಳು. ವಾಂತಿ ಬರುತ್ತದೆ ಎಂದು ಕಾದಳು. ಬರಲಿಲ್ಲ. ತಲೆ ಸುತ್ತುತ್ತದೆ ಎಂದು ಕಾದಳು. ಅದೂ ಇಲ್ಲ. ಮೈ ಅತ್ತಿತ್ತ ತೂಗುತ್ತಿತ್ತು, ಆದರೆ ಅದು ಅವಳಿಗೆ ದಿನನಿತ್ಯದ್ದು. ಸುತ್ತ ನೋಡಿದರೆ, ನಿಂತಿದ್ದವರೆಲ್ಲ ಕಾಲು ಅಗಲಿಸಿ, ಗೋಡೆ ಸವರಿಕೊಂಡು, ಒಂದು ಹೆಜ್ಜೆಗೆ ಎರಡು ಹೆಜ್ಜೆ ಹಾಕಿ ನಡೆಯುತ್ತಿದ್ದರು. ಇಸ್ತ್ರಿ ಮಾಡಿದ ಬಟ್ಟೆಯ ಒಬ್ಬ ದೊಡ್ಡ ಮನುಷ್ಯ ಅವಳನ್ನು ಹಾದುಹೋಗುವಾಗ ಅವಳ ಭುಜ ಹಿಡಿದುಕೊಂಡು, ಕ್ಷಮಿಸಿ ಅಂದ. "ಪರವಾಗಿಲ್ಲ, ಹಿಡ್ಕೊಳ್ಳಿ," ಎಂದಳು.

ಆಗ ಮಗಳ ಧ್ವನಿ ಕೇಳಿಸಿತು. "ಅಮ್ಮ."

ಮಗಳು ಎದುರು ಬೆಂಚಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಗುಂಡಮ್ಮನನ್ನು ಹಿಡಿದು ಕೂತಿದ್ದಳು. ಹಣೆಯ ಮೇಲೆ ಬೆವರು. ಬಾಯಿ ಬಿಗಿದುಕೊಂಡಿದ್ದಳು. ಗೊಂಬೆಯಕ್ಕ ಗೋಡೆಗುಂಟ ಕಟ್ಟಿದ್ದ ಹಗ್ಗ ಹಿಡಿದು ಹತ್ತಿರ ಹೋದಳು. ಮಗಳು ತಲೆ ಎತ್ತಿ ನೋಡಿದಳು. ಕೂತ್ಕೋ ಅನ್ನಲು ಅವಳಿಗೆ ಪುರುಸೊತ್ತಿರಲಿಲ್ಲ. ಮಗುವನ್ನು ತಾಯಿಯ ಕೈಗೆ ತುರುಕಿ ಕಂಬಿಯ ಕಡೆ ಓಡಿದಳು.

ಗುಂಡಮ್ಮ ಮರಳಿನ ಮಕ್ಕಳ ಹಾಗಿರಲಿಲ್ಲ. ಒದೆಯುತ್ತಿದ್ದಳು, ತಿರುಗುತ್ತಿದ್ದಳು, ಅಜ್ಜಿಯ ಕಿವಿಗೆ ಕೈ ಹಾಕಿ ಎಳೆಯುತ್ತಿದ್ದಳು. ಗೊಂಬೆಯಕ್ಕ ಅವಳನ್ನು ಎಡ ಹೆಗಲಿಗೆ ಹಾಕಿಕೊಂಡು, ಬಲಗೈಯಲ್ಲಿ ಹಗ್ಗ ಹಿಡಿದು, ಬೆನ್ನನ್ನು ಮತ್ತೆ ಗೋಡೆಗೆ ಕೊಟ್ಟಳು. ದೋಣಿ ಎದ್ದಿತು, ಸೊಂಟ ಹಿಂದಕ್ಕೆ ಹೋಯಿತು. ದೋಣಿ ಇಳಿಯಿತು, ಮಂಡಿ ಬಗ್ಗಿತು. ಮಗು ಮೊದಲು ಬೆಚ್ಚಿತು, ಆಮೇಲೆ ಆಟವೆಂದುಕೊಂಡು ಕೇಕೆ ಹಾಕಿತು. ಸುತ್ತ ದೊಡ್ಡವರೆಲ್ಲ ನರಳುತ್ತ ಬಿದ್ದುಕೊಂಡಿದ್ದಾಗ ಅಜ್ಜಿ ಮೊಮ್ಮಗಳು ಇಬ್ಬರೇ ಗಟ್ಟಿಯಾಗಿ ನಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಗುಂಡಮ್ಮನಿಗೆ ನಿದ್ದೆ ಬಂತು. ಕೆನ್ನೆ ಹೆಗಲಿಗೆ ಒತ್ತಿ, ತುಟಿ ಅರ್ಧ ತೆರೆದುಕೊಂಡಿತು.

ಫೋಟೋದ ಹೆಂಗಸು ಆಗ ಅವಳಿಗೆ ನೆನಪಾದಳು. ಇಷ್ಟು ದಿನ ಅವಳನ್ನು ಬರೀ ಪಾಪದವಳು ಎಂದುಕೊಂಡಿದ್ದೆನಲ್ಲ ಎನ್ನಿಸಿತು. ಇಡೀ ಹಡಗಿನಲ್ಲಿ ಯಜಮಾನರು, ಯಜಮಾನಿಯರು ಎಲ್ಲ ಬಕೆಟ್ಟು ತಬ್ಬಿಕೊಂಡು ಮಲಗಿದ್ದಾಗ ನೆಟ್ಟಗೆ ನಿಂತಿದ್ದವಳು ಅವಳು. ಅವಳಿಗೆ ಕೆಲಸ ಗೊತ್ತಿತ್ತು, ಗೊತ್ತಿದೆ ಎನ್ನುವುದೂ ಗೊತ್ತಿತ್ತು. ಅವಳು ಒಳಗೊಳಗೇ ನಕ್ಕಿರಲೂಬಹುದು.

ದಡ ಮುಟ್ಟಿದಾಗ ಮಗಳು ಮುಖ ತೊಳೆದುಕೊಂಡು ಬಂದು ಮಗುವನ್ನು ತೆಗೆದುಕೊಂಡಳು. ಕೆಳಗಿಳಿಯುವ ಹಲಗೆಯ ಮೇಲೆ ತಾಯಿಯ ತೋಳು ಹಿಡಿದುಕೊಂಡಳು. ಯಾರು ಯಾರನ್ನು ಹಿಡಿದಿದ್ದರೋ ಹೇಳುವುದು ಕಷ್ಟವಿತ್ತು.

ಗೋದಾಮಿನಲ್ಲಿ ಜನ ಸುಮಾರಾಗಿ ಸೇರಿದ್ದರು. ಹಡಗಮ್ಮ ಬಂದಳು. ಎದೆಗೆ, ಬೆನ್ನಿಗೆ, ಸೊಂಟಕ್ಕೆ ಮಕ್ಕಳು. ಹಿಂದಿನ ಸಾಲಿನಲ್ಲಿ ಯಾರೋ, "ಹಾಕ್ಕೊಂಡು ಬಂದಿದಾಳೆ," ಎಂದು ಪಿಸುಗುಟ್ಟಿ ನಕ್ಕರು. ಅವಳಿಗೂ ಕೇಳಿಸಿತು. ಅವಳು ಅವರತ್ತಲೇ ನಡೆದಳು, ಬಿದ್ದಳು, ಮಗುವಿನ ತಲೆ ನೆಲಕ್ಕೆ ತಾಗದಂತೆ ಎದ್ದು, ಅದನ್ನು ಆ ನಕ್ಕವನ ಕೈಗೇ ಕೊಟ್ಟಳು. "ಸ್ವಲ್ಪ ಹಿಡ್ಕೊಳ್ಳಿ, ಬಂದೆ." ಭಾರ ನೋಡಿ ಅವನು ತಬ್ಬಿಬ್ಬಾದ. ತಲೆ ಜೋತುಬಿದ್ದದ್ದು ಕಂಡು ಗಾಬರಿಯಿಂದ ಅದರ ಕೆಳಗೆ ಕೈ ಒಡ್ಡಿದ. ಹಾಗೆ ಹಿಡಿದು, ಹೀಗೆ ಹಿಡಿದು, ಕೊನೆಗೆ ಹೆಗಲಿಗೆ ಹಾಕಿಕೊಂಡ. ಮುಖ ಸರಿಯಾಗಿ ಕೂತಿತು.

ಒಂದೊಂದಾಗಿ ಎಲ್ಲವೂ ಹೋದವು. ಕುಸಿದು ಕೂರಬೇಕಾದ ಜಾಗಕ್ಕೆ ಬಂದಾಗ ಗೊಂಬೆಯಕ್ಕ ಕುಸಿಯಲಿಲ್ಲ. ಅಲ್ಲೇ ಇದ್ದ ಹಗ್ಗ ಕಟ್ಟುವ ಕಬ್ಬಿಣದ ಗೂಟದ ಮೇಲೆ ಆರಾಮಾಗಿ ಕೂತಳು. ಹೆಗಲು ತಿರುಗಿಸಿ ನೆಟಿಗೆ ಮುರಿದಳು. ಒಂದು ಲೋಟ ನೀರು ಕುಡಿದಳು. ಲಂಗ ಎತ್ತಿ ಪಾದಗಳನ್ನು ನಿಧಾನವಾಗಿ ಒತ್ತಿಕೊಂಡಳು. ದಿನದ ಕೆಲಸ ಮುಗಿಸಿದ ಹೆಂಗಸು. ಜನ ಮಕ್ಕಳನ್ನು ಹಿಡಿದುಕೊಂಡು ನಿಂತೇ ಇದ್ದರು. ಕೆಲವರು ಗೊತ್ತಿಲ್ಲದೇ ತೂಗತೊಡಗಿದ್ದರು. ಒಬ್ಬ ಮಗುವನ್ನು ನೆಲದ ಮೇಲಿಟ್ಟು ಹೊರಟುಹೋದ. ಪಕ್ಕದವಳು ಕೂಡಲೇ ಬಗ್ಗಿ ಅದನ್ನೂ ಎತ್ತಿಕೊಂಡಳು.

ಕೊನೆಗೆ ಒಬ್ಬ ಮುದುಕ ತಡೆಯಲಾರದೆ, "ಅಮ್ಮಾ, ಕೈ ಸೋತು ಹೋಯ್ತು, ತಗೊಳ್ಳಿ," ಎಂದ.

"ಬಂದೆ ಅಂದ್ನಲ್ಲ," ಎಂದಳು ಹಡಗಮ್ಮ, ಇನ್ನೊಂದು ಪಾದ ಒತ್ತಿಕೊಳ್ಳುತ್ತ.

ಗೋದಾಮು ಹಿಡಿಸದಷ್ಟು ನಗು ಎದ್ದಿತು. ನಗುವಿನ ಮಧ್ಯೆಯೇ ಮ್ಯೂಸಿಯಂ ಮೇಡಂ ಕಣ್ಣೊರೆಸಿಕೊಂಡಿದ್ದನ್ನು ಟೀಚರ್ ನೋಡಿದಳು. "ಬಂತು," ಎಂದು ಮೆಲ್ಲಗೆ ತನಗೇ ಹೇಳಿಕೊಂಡಳು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಗೊಂಬೆಯಕ್ಕ ದೋಣಿಯ ವಿಷಯ ಹೇಳಿದಳು. ಡಾಕ್ಟರು ನಕ್ಕರು. ಕಡಲು ಹಿಡಿಯುವುದಕ್ಕೂ ಆ ಕಿವಿಯ ಭಾಗವೇ ಬೇಕಂತೆ. ಅದಿಲ್ಲದವರಿಗೆ ಎಂಥ ಅಲೆಯೂ ಹೊಟ್ಟೆ ತೊಳಸುವುದಿಲ್ಲವಂತೆ. "ಅಷ್ಟು ಒಂದು ಲಾಭ," ಎಂದರು. ಕಂಡಕ್ಟರು ಆ ಮಾತನ್ನು ಕೇಳಿಯೂ ಕೇಳದವನಂತೆ ಕೂತಿದ್ದ. ಮ್ಯೂಸಿಯಮ್ಮಿನವರು ಹಡಗಮ್ಮ ಆಗಾಗ ಬರಬೇಕೆಂದು ಕೇಳಿಕೊಂಡರು. ಆ ಫೋಟೋದ ಕೆಳಗೆ ಕೂರಿಸಲು ಒಂದು ಮರಳಿನ ಮಗುವನ್ನೂ ಇಟ್ಟುಕೊಂಡರು. ನೋಡಲು ಬಂದವರು ಎತ್ತಿಕೊಳ್ಳಬಹುದು ಎಂದು ಚೀಟಿ ಹಚ್ಚಿದ್ದಾರೆ.

ಮನೆಯಲ್ಲಿ ಒಂದು ಸಂಜೆ ಮಗಳು ಕ್ಲಿನಿಕ್ಕಿನಿಂದ ಬಂದು, ಮಗುವನ್ನು ಎತ್ತಿಕೊಂಡು ಹಜಾರದಲ್ಲಿ ನಿಂತಳು. ಗೊಂಬೆಯಕ್ಕ ಅಭ್ಯಾಸಬಲದಿಂದ ಕೂರಲು ಹೋದಳು.

"ನಿಂತ್ಕೊಂಡೇ ತಗೋ," ಎಂದಳು ಮಗಳು. "ಹಜಾರದಲ್ಲಿ, ದೀಪ ಇರುವಾಗ. ಮೆಟ್ಟಿಲ ಮೇಲೆ ಮಾತ್ರ ಬೇಡ ಅಮ್ಮ. ಅದು ನನ್ನಿಂದ ಆಗಲ್ಲ."

"ಮೆಟ್ಟಿಲ ಮೇಲೆ ನನಗೂ ಬೇಡ," ಎಂದಳು ಗೊಂಬೆಯಕ್ಕ.

ಗುಂಡಮ್ಮ ತಾಯಿಯ ಕೈಯಿಂದ ಅಜ್ಜಿಯ ಕೈಗೆ ಬಂದಳು. ಮಗಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ಮುಖ ತೊಳೆಯಲು ಒಳಗೆ ಹೋದಳು. ಗೊಂಬೆಯಕ್ಕ ಗೋಡೆಯ ಪಕ್ಕದಲ್ಲೇ ಹೆಜ್ಜೆ ಹಾಕುತ್ತ ಬಾಗಿಲಿನಿಂದ ಅಡಿಗೆಮನೆಯತ್ತ ಹೊರಟಳು. ಕಂಡಕ್ಟರು ಎರಡೂ ಕೈ ಚಾಚಿಕೊಂಡು ಹಿಂದೆ ಹಿಂದೆ ಬರುತ್ತಿದ್ದ.

"ನೀವು ಹೋಗಿ ಕೂತ್ಕೊಳ್ರೀ," ಎಂದಳು ಅವಳು, ತಿರುಗದೆ.